ಅಂಕೋಲೆಯ ಗುಂಪಿನಲ್ಲಿ ನಾನಿಲ್ಲ

ಅಧಿಕಾರ ಇರುವವನಿಗೆ ಸುಖ ಇರುತ್ತದೆ ಎಂದು ನಂಬಿದವರು ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಬೇಕು. ನಮ್ಮ ಮೀನುಗಾರರ ಸಹಕಾರ ಸಂಘಕ್ಕೆ ಕಾರವಾರದಲ್ಲಿ ಮುಖ್ಯ ಕಚೇರಿ, ಬೈತಖೋಲದಲ್ಲಿ ಗೋದಾಮು, ಅಂಕೋಲೆಯಲ್ಲಿ ಶಾಖೆ. ಮೂರಕ್ಕೂ ಹೊರಗಿನವರಿಗೆ ಕಾಣದ ಮೂರು ಒಳಜಾಲತಾಣಗಳು. ಯಾರು ಯಾವುದನ್ನು ನೋಡಬಹುದು, ಯಾರು ಬರೆಯಬಹುದು, ಯಾರು ಬಾಗಿಲಲ್ಲೇ ನಿಲ್ಲಬೇಕು ಎಂದು ಗುಂಪು ಕಟ್ಟಿ ಅನುಮತಿ ಕೊಡುವವನು ನಾನು. ಕೇಳಲಿಕ್ಕೆ ದೊಡ್ಡ ಹುದ್ದೆ. ನನ್ನ ಹೆಂಡತಿಯ ಪ್ರಕಾರ ಇದು ಗದ್ದೆಬೇಲಿಯ ದಣಪೆಯ ಗಳ ಸರಿಸಿ ಮತ್ತೆ ಹಾಕುವ ಕೆಲಸ. "ದನ ಒಳಗೆ ಬರೂಕಿಲ್ಲ, ಮನ್ಶರು ಬರ್ಬೇಕು. ಅಷ್ಟೇ ಅಲಾ? ಅದಕ್ಕೆ ಸಂಬಳ ಬೇರೆ ಕೊಡ್ತ್ರಾ?" ಎಂದು ಕೇಳಿದ್ದಾಳೆ.

ಕಾರವಾರದ ತಾಣದಲ್ಲಿ ಸುತ್ತೋಲೆಗಳಿವೆ, ಬೈತಖೋಲದ್ದರಲ್ಲಿ ಮಂಜುಗಡ್ಡೆಯ ಲೆಕ್ಕವಿದೆ. ಎರಡನ್ನೂ ಯಾರೂ ಓದುವುದಿಲ್ಲ. ಅಂಕೋಲೆಯ ಸೂಚನಾಫಲಕದಲ್ಲಿ ಮಾತ್ರ ಊಟವಿದೆ. ಆ ಶಾಖೆಯವರು ಮಧ್ಯಾಹ್ನ ಒಂದೇ ಮೇಜಿಗೆ ಕೂತು ಬುತ್ತಿ ಹಂಚಿಕೊಳ್ಳುವ ಜನ. ಮೀನು ರಾಶಿ ಬಿದ್ದ ದಿನಗಳಲ್ಲಿ ಎಲ್ಲರ ಡಬ್ಬಿಯಲ್ಲೂ ಬಾಂಗಡೆಯೇ ಬರತೊಡಗಿದಾಗ, ಹಿರಿಯ ಗುಮಾಸ್ತ ದೇವಿದಾಸ ನಾಯ್ಕರು ಸಂಜೆ ಕಚೇರಿ ಬಿಡುವ ಮೊದಲು ಬರೆಯತೊಡಗಿದರು: "ನಾಳೆ ಬಾಂಗಡೆ ಮೂರು ಮನೆಯಿಂದ ಸಾಕು. ಉಳಿದವರು ಬಸಳೆ ನೋಡಿ." ಅದರ ಕೆಳಗೆ ಉತ್ತರ, ಉತ್ತರದ ಕೆಳಗೆ ಚೇಷ್ಟೆ. ಕಾರವಾರದಲ್ಲಿ ಒಬ್ಬನೇ ಕಂಪ್ಯೂಟರಿನೆದುರು ಮೊಸರನ್ನ ಉಣ್ಣುತ್ತ ನಾನು ಅದನ್ನೆಲ್ಲ ಓದುತ್ತೇನೆ. ಮೇಲ್ವಿಚಾರಣೆ ಎಂದಿಟ್ಟುಕೊಳ್ಳಿ.

ಲೀಲಾ ಹರಿಕಂತ್ರ ಎಂಬವರು ಬಹಳ ವರ್ಷ ಅಂಕೋಲೆಯಲ್ಲಿದ್ದು ವರ್ಗವಾಗಿ ನಮ್ಮಲ್ಲಿಗೆ ಬಂದರು. ಹೆಸರು ಅಂಕೋಲೆಯ ಗುಂಪಿನಲ್ಲೂ ಉಳಿದಿತ್ತು. ಇಲ್ಲಿ ಕೂತೇ ಅಲ್ಲಿಯ ಊಟಕ್ಕೆ ಸಲಹೆ ಕೊಡುತ್ತಿದ್ದರು. ಅಷ್ಟರಲ್ಲಿ 'ಒಬ್ಬ ನೌಕರನಿಗೆ ಒಂದೇ ಗುಂಪು' ಎಂಬ ಆದೇಶ ಬಂತು. ನಿಯಮ ಎಂದರೆ ನನಗೆ ಮೈಮೇಲೆ ಬಂದಂತಾಗುತ್ತದೆ. ಅವರ ಹೆಸರನ್ನು ತೆಗೆದುಹಾಕಿದೆ. ಮರುದಿನ ದೇವಿದಾಸರು, "ಲೀಲಾ, ನಿಮ್ಮ ಮುರುಗಲ ಕಡಿಯ ಹದ ಹೇಳಿ, ನಮ್ಮದು ಕೆಟ್ಟಿತು" ಎಂದು ಬರೆದರು. ಉತ್ತರವಿಲ್ಲ. ಆಮೇಲೆ, "ಲೀಲಾ ಈಚೆಗೆ ನೋಡುವುದೂ ಇಲ್ಲ." ಕೊನೆಗೆ, "ಕಾರವಾರದವರಾದರಲ್ಲ, ನಮ್ಮ ಊಟ ಅವರಿಗೆ ಯಾಕೆ." ಒಂದು ಫೋನ್ ಮಾಡಬಾರದಿತ್ತೇ ಎನ್ನಬೇಡಿ. ಅನ್ನಕ್ಕೆ ಕಲಸುವ ಹುಳಿಸಾರಿನಂಥ ಒಂದು ಕಡಿ ಕೆಟ್ಟಿತೆಂದು ಯಾರೂ ಫೋನ್ ಮಾಡುವುದಿಲ್ಲ, ಮುನಿಸು ಬಂದ ಮೇಲಂತೂ ಮಾಡುವುದೇ ಇಲ್ಲ.

ಒಂದು ಮಧ್ಯಾಹ್ನ ಲೀಲಾ ಆಚೆಯ ತಮ್ಮ ಮೇಜಿನಲ್ಲಿ ಅರ್ಧ ಉಂಡ ಡಬ್ಬಿಗೆ ಮುಚ್ಚಳ ಹಾಕುತ್ತ, "ಅಂಕೋಲೆಯವ್ರು ನನ್ನ ಹೆಸರೇ ತೆಗ್ದ್ ಹಾಕಿದ್ರು. ಇಷ್ಟ್ ಬೇಗ ಮರೀತ್ರು ಹೇಳಿ ಎಣಿಸಿರಲಿಲ್ಲ" ಎಂದರು. ನಾನು ಮೊಸರನ್ನದ ಡಬ್ಬಿಯನ್ನು ಬದಿಗೆ ಸರಿಸಿದೆ. ಎರಡು ಕಡೆಯ ನೋವೂ ಕಾಣುತ್ತಿದ್ದುದು ನನಗೊಬ್ಬನಿಗೇ, ಮತ್ತು ಅದನ್ನು ಮಾಡಿದವನೂ ನಾನೇ.

"ತೆಗೆದದ್ದು ಅವರಲ್ಲ, ನಾನು" ಎಂದೆ.

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬರಿಯೂದೇನೂ ಬೇಡ್ರಿ. ನೋಡೂಕೆ ಬಿಟ್ರೆ ಸಾಕು" ಎಂದರು.

"ಕಾರಣ ಹಾಕಬೇಕಾಗ್ತದೆ. ಎಂತ ಬರೀಲಿ?"

"ನೆನಪಾಗ್ತದೆ ಹೇಳಿ ಬರೀರಿ."

ನನ್ನ ಪರದೆಯಲ್ಲಿ ಇದ್ದ ಕಾರಣಗಳು ಮೂರು: ಕರ್ತವ್ಯ, ತಪಾಸಣೆ, ಇತರೆ. ನಾನು 'ಇತರೆ' ಒತ್ತಿ, ಅವರ ಮಾತನ್ನೇ ಬರೆದು, ನೋಡುವುದಕ್ಕಷ್ಟೇ ಅಲ್ಲ, ಬರೆಯುವುದಕ್ಕೂ ಅನುಮತಿ ಕೊಟ್ಟೆ. ಮೇಲಿನವರು ಕೇಳಿದರೆ ಕೇಳಲಿ. ಆ ಸಂಜೆ ಲೀಲಾ ಮುರುಗಲ ಕಡಿಯ ಹದವನ್ನು ಉದ್ದಕ್ಕೆ ಬರೆದರು. ಮರುದಿನ ಮಧ್ಯಾಹ್ನ ನಾನು ಡಬ್ಬಿ ಬಿಚ್ಚುವ ಹೊತ್ತಿಗೆ ದೇವಿದಾಸರ ಸೂಚನೆ ಸಿದ್ಧವಿತ್ತು: "ಲೀಲಾ ಶನಿವಾರ ಊಟಕ್ಕೆ ಬರುತ್ತಾರೆ. ಒಳಗೆ ಬಿಟ್ಟ ಪುಣ್ಯಾತ್ಮರನ್ನೂ ಕರೆತರಲಿ. ಅವರಿಗೆ ಬಾಂಗಡೆಯೋ ಬಸಳೆಯೋ, ಯಾರಾದರೂ ಕೇಳಿ."

ಬೆರಳು ಕೀಲಿಮಣೆಯ ಮೇಲೆ ಹೋಗಿ ವಾಪಸು ಬಂತು. ಮೂರೂ ತಾಣಗಳ ಕೀಲಿ ನನ್ನ ಹತ್ತಿರ ಇದ್ದರೂ ಯಾವ ಗುಂಪಿನಲ್ಲೂ ನನ್ನ ಹೆಸರಿಲ್ಲ. ಉತ್ತರ ಬರೆದರೆ, ಕರೆಯದೆಯೇ ದಿನಾ ಅವರ ಮೇಜಿನಲ್ಲಿ ಕೂರುತ್ತೇನೆಂದು ಗೊತ್ತಾಗಿಬಿಡುತ್ತದೆ. ಲೀಲಾ ಬಂದು ಶನಿವಾರದ ವಿಷಯ ಎತ್ತಿದಾಗ, "ಯಾವ ಶನಿವಾರ? ಎಂತ ಊಟ?" ಎಂದು ಸಾಧ್ಯವಾದಷ್ಟು ಆಶ್ಚರ್ಯಪಟ್ಟೆ.

"ಸಾಕು ಮಾಡ್ರಿ ಮಾರಾಯ್ರೆ" ಎಂದರು. "ಪುಟದ ಕೆಳಗೆ ನೋಡಿದವ್ರ ಹೆಸರು ಬರ್ತದಲಾ. ನಿಮ್ಮದು ದಿನಾ ಇರ್ತದೆ. ಪಾಪ, ಊಟದ ಹೊತ್ತಿಗೆ ಒಬ್ರೇ ಇರ್ತ್ರು ಕಾಣ್ತದೆ ಹೇಳಿ ದೇವಿದಾಸಣ್ಣ ಯಾವಾಗ್ಲೂ ಹೇಳೂದು."

ಪುಟದ ಕೆಳಗೆ ಬೇರೆಯವರ ಹೆಸರು ಕಾಣುತ್ತದೆ, ನಮ್ಮದು ನಮಗೆ ಕಾಣುವುದಿಲ್ಲ. ಇದೂ ಗೊತ್ತಿಲ್ಲದೆ ಇಷ್ಟು ವರ್ಷ ಆ ತಾಣಗಳನ್ನು ಕಾದವನು ನಾನು.

"ಗುಂಪಿಗೆ ಸೇರ್ಕಳ್ರಿ ಈಗಾದ್ರೂ. ಅರ್ಜಿ ನಾನೇ ಹಾಕ್ತೆ" ಎಂದು ಲೀಲಾ ತಮ್ಮ ಕುರ್ಚಿಯಲ್ಲಿ ಕೂತು, ನನ್ನದೇ ಧಾಟಿಯಲ್ಲಿ, "ಕಾರಣ ಎಂತ ಬರೀಲಿ?" ಎಂದರು. ಅವರಾಡಿದ 'ನೆನಪಾಗ್ತದೆ' ಎಂಬ ಮಾತನ್ನೇ ಕಡ ತರಬಹುದಿತ್ತು. ನನ್ನ ಬಾಯಿಗೆ ಬಂದದ್ದು, "ಇತರೆ ಅಂತ ಹಾಕಿ."

ಅರ್ಜಿ ನನ್ನ ಮೇಜಿಗೇ ಬಂತು; ಕೂಡಲೇ ಮಂಜೂರು ಮಾಡಿದೆ. ನಿಯಮವೂ ಅಡ್ಡ ಬರಲಿಲ್ಲ. ಒಬ್ಬ ನೌಕರನಿಗೆ ಒಂದು ಗುಂಪು. ನನಗೆ ಅಲ್ಲಿಯವರೆಗೆ ಒಂದೂ ಇರಲಿಲ್ಲ.