ಸೋಸಿದ ಹೋಳಿಗೆ

ಹಸಿದವರನ್ನು ಕಂಡರೆ ಲೋಕ ಮರುಗುತ್ತದೆ, ನಿಜ. ಆದರೆ ಹಸಿದವರು ತೆಳ್ಳಗಿರಬೇಕು ಎಂಬ ಕರಾರು ಅದರೊಳಗೇ ಇದೆ. ಕೆನ್ನೆ ಗುಳಿ ಬಿದ್ದವರು "ಹೊಟ್ಟೆ ಹಸಿದೈತ್ರಿ" ಅಂದರೆ ಎದ್ದು ಹೋಗಿ ತಟ್ಟೆ ಹಾಕುವ ಜನ, ನನ್ನಂಥವಳು ಅದೇ ಮಾತಾಡಿದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಾನು ಹತ್ತಿದೆನೆಂದರೆ, ಪಕ್ಕದಲ್ಲಿ ಇನ್ನಿಬ್ಬರನ್ನು ಕೂರಿಸುವ ಆಸೆಯನ್ನು ಆಟೋದವನು ಅಲ್ಲೇ ಕೈಬಿಡುತ್ತಾನೆ. ಅಂಥ ಮೈಯವಳಿಗೂ ಹಸಿವಾಗುತ್ತದೆ ಎಂದರೆ ನಂಬುವವರು ಯಾರು? ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಗೊತ್ತಾದ ದಿನ ಎದುರು ಮನೆಯ ಶಾರದಮ್ಮ ಬಂದು, "ಅಲ್ಲವಾ ಸುಮಾ, ಒಂದಿಷ್ಟು ಬಾಯಿ ಕಟ್ಟಿದ್ರೆ ಸಾಕಿತ್ತು. ಹೊಟ್ಟೆ ಯಾಕ ಕೊಯ್ಸ್ಕಂತಿ?" ಎಂದರು. "ಬಾಯಿ ಕಟ್ಟಿದ ಮ್ಯಾಲೇ ಕೊಯ್ಯೋದಂತ್ರಿ, ಎರಡೂ ಐತೆ" ಎಂದೆ. ಹಾಗೆ ಬುದ್ಧಿ ಹೇಳುವಾಗ ಅವರ ಕೈಯಲ್ಲಿ ನಮ್ಮ ಮನೆಗೆಂದೇ ಕರಿದು ತಂದ ಮೆಣಸಿನಕಾಯಿ ಬಜ್ಜಿಯ ತಟ್ಟೆ ಇತ್ತು.

ಈ ಆಪರೇಷನ್ನು ನನಗೆ ಶೋಕಿಗೆ ಬಂದದ್ದಲ್ಲ. ಒಂದು ಸಂಜೆ ವಿನೋಬನಗರದ ನಮ್ಮ ಬೀದಿಯಲ್ಲಿ ತಳ್ಳುಗಾಡಿಯಿಂದ ಸೊಪ್ಪು ತೆಗೆದುಕೊಂಡು ಮನೆ ಕಡೆ ಹೊರಟಿದ್ದೆ. ಸೊಪ್ಪಿನವಳು ಹಿಂದಿನಿಂದ ಕೂಗಿದಳು: "ಅಕ್ಕಾರ, ಒಂದು ಚಪ್ಪಲಿ ಇಲ್ಲೇ ಬಿಟ್ಟೀರಲ್ರೀ!" ನೋಡಿದರೆ ನಿಜ, ಎಡಗಾಲು ಬರಿಗಾಲು. ಜಲ್ಲಿ ಕಲ್ಲಿನ ಮೇಲೆ ಅಷ್ಟು ದೂರ ನಡೆದಿದ್ದೇನೆ, ಕಾಲಿಗೆ ಗೊತ್ತೇ ಆಗಿಲ್ಲ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಯಾಕೆಂದರೆ ನಮ್ಮ ಅವ್ವನಿಗೂ ಹೀಗೇ ಶುರುವಾಗಿತ್ತು. ಅವ್ವ ಗುಡಿಯಿಂದ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದಾಗ ನಾವು ಮಕ್ಕಳು ಬಿದ್ದು ಬಿದ್ದು ನಕ್ಕಿದ್ದೆವು. ಆಮೇಲೆ ಹೆಬ್ಬೆರಳಿಗೆ ಗಾಯವಾಯಿತು, ಮಾಯಲಿಲ್ಲ, ಸಕ್ಕರೆ ಕಾಯಿಲೆ ಮೊಣಕಾಲಿನವರೆಗೆ ತಿಂದು ಹಾಕಿತು. ಕಾಲು ತೆಗೆದ ಮೇಲೆ ನೋಡಲು ಬಂದ ಬಳಗದವರು ಒಬ್ಬೊಬ್ಬರೂ ಪೇಡೆಯ ಪೊಟ್ಟಣ ತಂದರು. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಅವ್ವನಾದರೂ ಎಚ್ಚರವಾದಾಗ ಕೇಳಿದ ಮೊದಲ ಮಾತು, "ಬಂದೋರು ಉಂಡ್ರೇನು?" ಎಂದು. ಅವಳು ಹೋಗಿ ಎಷ್ಟೋ ವರ್ಷವಾಯಿತು. ನನ್ನ ಎಡಗಾಲು ಮಾತ್ರ ಈಗ ಅವಳ ದಾರಿಯನ್ನೇ ಹಿಡಿದಿತ್ತು.

ಡಾಕ್ಟರು ಒಳ್ಳೆಯವರು, ಆದರೆ ಮಾತು ಕಡ್ಡಿ ಮುರಿದಂತೆ. "ನಿಮ್ಮ ಲಿವರಿನಲ್ಲಿ ಕೊಬ್ಬು ತುಂಬಿ ಅದು ಹೊಟ್ಟೆ ಮೇಲೆ ಮಲಗಿದೆ ಮೇಡಂ. ಅದು ಕುಗ್ಗದೆ ನಾನು ಒಳಗೆ ಕೈ ಹಾಕಲ್ಲ. ಎರಡು ವಾರ ಬರೀ ದ್ರವಾಹಾರ. ಅಗಿಯುವಂಥದ್ದು ಏನೂ ಬೇಡ" ಎಂದರು. ನಾನು ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿದರು. ಆಮೇಲೆ ಡಯಟೀಷಿಯನ್ ಎಂಬ ಹುಡುಗಿ ನನ್ನನ್ನು ಕೂರಿಸಿಕೊಂಡು ಪ್ರೋಟೀನ್ ಪುಡಿ, ಬೆಣ್ಣೆ ತೆಗೆದ ಮಜ್ಜಿಗೆ, ಸೋಸಿದ ತರಕಾರಿ ನೀರು, ಬೇಳೆ ಕಾಣದ ತಿಳಿಸಾರು ಎಂದು ಪಾಠ ಮಾಡಿದಳು. ಆ ಹುಡುಗಿಯ ಸೊಂಟ ನನ್ನ ತೋಳಿನಷ್ಟಿತ್ತು. ಪುಡಿಗೆ ವೆನಿಲ್ಲಾ ಪರಿಮಳವಿದೆ ಎಂದಳು. ಇತ್ತು, ಗೋಡೆಗೆ ಬಳಿಯುವ ಸುಣ್ಣಕ್ಕೆ ವೆನಿಲ್ಲಾ ಬೆರೆಸಿದರೆ ಬರುವಂಥದ್ದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಲಿವರ್ ಎಂದರೇನು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೋರ್ಡಿನ ಮೇಲೆ ಪ್ರತಿ ವರ್ಷ ಕಂದು ಸೀಮೆಸುಣ್ಣದಲ್ಲಿ ಅದರ ಚಿತ್ರ ಬರೆದು ಭಾಗ ಗುರುತಿಸುವ ನಾನು, ನನ್ನದನ್ನು ಮಾತ್ರ ಇಷ್ಟು ದಿನ ಗುರುತಿಸಿರಲಿಲ್ಲ.

ದಾವಣಗೆರೆಯಂಥ ಊರಿನಲ್ಲಿ ದ್ರವಾಹಾರ ಮಾಡುವುದು ಎಂಥ ಶಿಕ್ಷೆ ಎಂಬುದು ಬೇರೆ ಊರಿನವರಿಗೆ ಅರ್ಥವಾಗಲಿಕ್ಕಿಲ್ಲ. ಬೆಳಗ್ಗೆ ಶಾಲೆಗೆ ನಡೆದು ಹೋಗುವ ದಾರಿಯಲ್ಲೇ ಹೆಂಚಿನ ಮೇಲೆ ಬೆಣ್ಣೆ ಕರಗುವ ವಾಸನೆ ರಸ್ತೆಗೆ ಅಡ್ಡ ನಿಂತಿರುತ್ತದೆ. ಸಂಜೆಯಾದರೆ ಮೂಲೆ ಮೂಲೆಯಲ್ಲಿ ಮಂಡಕ್ಕಿ, ಮಿರ್ಚಿ. ಇನ್ನು ನಮ್ಮ ಮನೆಯವರು. ಅವರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮೊದಲ ದಿನ ಬಲು ಜೋರಾಗಿ, "ನೀನು ಉಪವಾಸ ಇದ್ದು ನಾನು ಉಣ್ಣೋದಾ? ನಾನೂ ನಿನ್ನ ಜೊತೀಗೆ ಕುಡಿಯೋದ್ರಾಗೇ ಇರ್ತೀನಿ" ಎಂದರು. ನನಗೆ ಕಣ್ಣು ತುಂಬಿತು. ಮಧ್ಯಾಹ್ನದ ಹೊತ್ತಿಗೆ, "ಕುಡಿಯೋದ್ರ ಜೊತೀಗೆ ಒಂದೆರಡು ಚಪಾತಿ ಇದ್ರೆ ಹೆಂಗೆ?" ಎಂದರು. ಮರುದಿನದಿಂದ ಅವರಿಗೆ ಎಂದಿನಂತೆ ಅಡುಗೆ. ಮೂಗಿಗೆ ಒಗ್ಗರಣೆ, ಬಾಯಿಗೆ ಸುಣ್ಣದ ನೀರು. ಉಪ್ಪು ನೋಡಲೂ ನಾಲಿಗೆಗೆ ಹಚ್ಚುವಂತಿಲ್ಲ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಕಿವುಚಿದರು. ಆಗ ನಾನಾಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಅವರು ರಾತ್ರಿ ಹೊಟ್ಟೆ ಹಸಿವಿಲ್ಲ ಎನ್ನತೊಡಗಿದರು. ಅಂಗಿಯಿಂದ ಮಿರ್ಚಿ ವಾಸನೆ ಬರುತ್ತಿತ್ತು.

ಇಷ್ಟಾದರೂ ನಾನು ಪಟ್ಟು ಬಿಟ್ಟಿರಲಿಲ್ಲ. ಮೊದಲ ವಾರ ಮುಗಿಯುವ ಹೊತ್ತಿಗೆ ತೂಕದ ಮುಳ್ಳು ಹಿಂದಕ್ಕೆ ಸರಿದಿತ್ತು, ರವಿಕೆಯ ತೋಳು ಸಡಿಲವಾಗಿತ್ತು. ಆಗಲೇ ಹರಿಹರದಿಂದ ಅಕ್ಕನ ಫೋನು ಬಂತು. ಅಕ್ಕನೆಂದರೆ ಗಿರಿಜಕ್ಕ, ನನ್ನ ಒಡಹುಟ್ಟಿದವಳು, ಅವ್ವ ಹೋದ ಮೇಲೆ ನನಗೆ ಅವ್ವನ ಜಾಗದಲ್ಲಿ ನಿಂತವಳು. ಅವಳ ಬಸುರಿ ಮಗಳು ರೇಖಾಗೆ ಏಳು ತಿಂಗಳು, ಕುಬಸದ, ಅಂದರೆ ಸೀಮಂತದ, ಕಾರ್ಯ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕುಬಸದ ದಿನ ಬಸುರಿಯನ್ನು ನಡುವೆ ಕೂರಿಸಿ, ಮಗ್ಗುಲಿಗೆ ಅವಳ ಚಿಕ್ಕಮ್ಮನನ್ನು ಕೂರಿಸಿ ಊಟಕ್ಕೆ ಹಾಕುತ್ತಾರೆ. ಚಿಕ್ಕಮ್ಮ ಮೊದಲ ತುತ್ತು ಎತ್ತಿದ ಮೇಲೇ ಬಸುರಿ ತುತ್ತು ಎತ್ತಬೇಕು. ರೇಖಾಗೆ ಇರುವವಳು ಒಬ್ಬಳೇ ಚಿಕ್ಕಮ್ಮ, ನಾನು. "ಅಕ್ಕಾ, ನಾನು ಏನೂ ತಿನ್ನಂಗಿಲ್ಲ, ಬಂದು ಆರತಿ ಮಾಡಿ ಹೋಗ್ತೀನಿ" ಎಂದೆ. "ನೀನು ಬಾ ಸಾಕು, ಅದ್ಕೆಲ್ಲ ನಾನು ಒಂದು ದಾರಿ ಹುಡುಕ್ತೀನಿ" ಎಂದಳು. ನಮ್ಮಕ್ಕ ದಾರಿ ಹುಡುಕುತ್ತೇನೆ ಎಂದಾಗಲೇ ನಾನು ಹೆದರಬೇಕಿತ್ತು.

ಹರಿಹರದಲ್ಲಿ ಅಕ್ಕನ ಮನೆ ದೊಡ್ಡ ಗುಡಿಯ ಹಿಂದಿನ ಓಣಿಯಲ್ಲಿ. ಬಸ್ಸಿಳಿದು ಓಣಿಗೆ ತಿರುಗಿದ ಕೂಡಲೇ ಹೂರಣ ಬೇಯುವ ವಾಸನೆ. ಹಸಿರು ಸೀರೆ, ಹಸಿರು ಬಳೆ ತೊಟ್ಟ ರೇಖಾ ಚಂದ ಕಾಣುತ್ತಿದ್ದಳು. ಆರತಿಯಾಯಿತು, ಉಡಿ ತುಂಬಿದ್ದಾಯಿತು. ಪಂಕ್ತಿಯಲ್ಲಿ ಕೂತೆವು. ಎಲ್ಲರ ಎಲೆಗೂ ಹೋಳಿಗೆ, ಬದನೆಕಾಯಿ ಪಲ್ಯ, ಕೋಸಂಬರಿ, ಚಿತ್ರಾನ್ನ ಬಿತ್ತು. ನನ್ನ ಎಲೆ ಬರಿದು. ರೇಖಾ ನನ್ನ ಮುಖ ನೋಡಿದಳು. ಅವಳ ಅತ್ತೆಯ ಕಡೆಯವರು ನನ್ನ ಎಲೆ ನೋಡಿದರು. ಅವರಲ್ಲೊಬ್ಬರು ಸಣ್ಣ ದನಿಯಲ್ಲಿ, "ಬಸುರಿ ಮಗ್ಗುಲಿಗೆ ಖಾಲಿ ಎಲಿ ಇಡಬಾರ್ದ್ರೀ" ಎಂದರು. ಅಷ್ಟರಲ್ಲಿ ಒಳಗಿನಿಂದ ಮಿಕ್ಸಿಯ ಸದ್ದು ಕೇಳಿಸಿತು. ಅಕ್ಕ ಹೊರಗೆ ಬಂದಳು, ಕೈಯಲ್ಲಿ ದೊಡ್ಡ ಸ್ಟೀಲಿನ ಚೊಂಬು.

"ತಗಾ, ಕುಡಿ" ಎಂದಳು.

"ಏನಕ್ಕಾ ಇದು?"

"ಹೋಳಿಗೆ. ಹಾಲು ಹಾಕಿ ಮಿಕ್ಸಿಗೆ ರುಬ್ಬೀನಿ. ಮ್ಯಾಲೆ ಒಂದೀಟು ತುಪ್ಪ. ಎರಡು ಸಲ ಸೋಸೀನಿ, ಒಂದು ಕಡಿ ಬಾಯಿಗೆ ಸಿಕ್ರೆ ನನ್ನ ಕೇಳು. ನಿಮ್ಮ ಡಾಕ್ಟ್ರು ಕುಡೀರಿ ಅಂದಾರೋ ಇಲ್ಲೋ?"

"ಅಂದಾರೆ, ಆದ್ರೆ..."

"ಆದ್ರೆ ಗೀದ್ರೆ ಬ್ಯಾಡ. ಬಸುರಿ ಹಸಕೊಂಡು ಕುಂತಾಳೆ, ಕುಡಿ!"

ನಲವತ್ತು ಜನರ ಕಣ್ಣು ನನ್ನ ಮೇಲೆ. ವಿಜ್ಞಾನದ ಟೀಚರು ನಾನು, ವಸ್ತುವಿನ ರೂಪ ಬದಲಾದರೂ ಅದರೊಳಗಿನ ಸಕ್ಕರೆ ಬದಲಾಗುವುದಿಲ್ಲ ಎಂದು ಎಂಟನೇ ಕ್ಲಾಸಿನವರಿಗೆ ಕಲಿಸಿದವಳು. ಕುಡಿದೆ. ಒಂದೇ ಗುಟುಕು, ಶಾಸ್ತ್ರಕ್ಕೆ, ಎಂದುಕೊಂಡು ಕುಡಿಯಲು ತೊಡಗಿದವಳು ಚೊಂಬಿನ ತಳ ಕಂಡಾಗಲೇ ಕೆಳಗಿಟ್ಟೆ. ಪದ್ಧತಿ, ಬಸುರಿ, ಬೀಗರು ಎಂದೆಲ್ಲ ನೆಪ ಹೇಳಬಹುದು, ಆದರೆ ಸುಳ್ಳು ಯಾಕೆ ಹೇಳಲಿ. ಸುಖವಾಗಿತ್ತು. ಯಾಲಕ್ಕಿಯ ಘಮ ಗಂಟಲಿಗೆ ಇಳಿದಾಗ ನನಗೆ ಅಳು ಬಂದಿತ್ತು. ರೇಖಾ ನಗುತ್ತಾ ತುತ್ತೆತ್ತಿದಳು. ಅಕ್ಕ ನನ್ನ ತಲೆ ಸವರಿ, "ನೋಡು, ಮುಖಕ್ಕೆ ಕಳೆ ಬಂತು. ಪಾಪ, ಸೊರಗಿ ಹೋಗಿದ್ದೆ" ಎಂದಳು. ನನ್ನನ್ನು ನೋಡಿ ಸೊರಗಿದೆ ಎಂದವರು ಜನ್ಮದಲ್ಲಿ ಅವಳೊಬ್ಬಳೇ.

ಅಲ್ಲಿಗೆ ಮುಗಿದಿದ್ದರೆ ಒಂದು ದಿನದ ತಪ್ಪು ಎನ್ನಬಹುದಿತ್ತು. ಮರುದಿನ ಬೆಳಗ್ಗೆ ಹರಿಹರದ ಬಸ್ಸಿನಲ್ಲಿ ಒಂದು ಫ್ಲಾಸ್ಕ್ ಬಂತು. ಅಕ್ಕ ಅಲ್ಲಿ ಕಂಡಕ್ಟರನ ಕೈಗೆ ಕೊಡುವುದು, ನಮ್ಮ ಮನೆಯವರು ಅಂಗಡಿ ತೆಗೆಯುವ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ತರುವುದು. ಒಂದು ದಿನ ರುಬ್ಬಿದ ಗೋಧಿ ಹುಗ್ಗಿ, ಒಂದು ದಿನ ರುಬ್ಬಿದ ಶಾವಿಗೆ ಪಾಯಸ, ಸಿಹಿ ಬೇಸರವಾದೀತೆಂದು ನಡುವೆ ಒಂದು ದಿನ ಅನ್ನ ಸಾರು ತುಪ್ಪ ಸೇರಿಸಿ ರುಬ್ಬಿದ್ದು. ಎಲ್ಲವೂ ಸೋಸಿದ್ದು. ಬೇಡ ಎಂದು ಫೋನು ಮಾಡಬೇಕೆಂದು ದಿನಾ ಬೆಳಗ್ಗೆ ಗಟ್ಟಿ ಮನಸ್ಸು ಮಾಡುತ್ತಿದ್ದೆ, ಫ್ಲಾಸ್ಕಿನ ಮುಚ್ಚಳ ತಿರುವಿದ ಮೇಲೆ ಫೋನು ಮರೆಯುತ್ತಿತ್ತು. ಪುಡಿಯ ಡಬ್ಬಿ ಕಿಟಕಿಯಲ್ಲಿ ಕೂತು ಎಲ್ಲ ನೋಡುತ್ತಿತ್ತು. ನಮ್ಮ ಮನೆಯವರಂತೂ, "ಎಷ್ಟಾದ್ರೂ ಇದು ಮನಿ ಪದಾರ್ಥ, ಆ ಪುಡಿಗಿಂತ ಇದೇ ವಾಸಿ" ಎಂದು ತೀರ್ಪು ಕೊಟ್ಟರು.

ಆಪರೇಷನ್ನಿನ ಮೊದಲು ಸ್ಕ್ಯಾನ್ ಮಾಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಲಿವರ್ ಒಂಚೂರೂ ಕುಗ್ಗಿಲ್ಲ. ತೂಕ ಮೊದಲಿಗಿಂತ ಜಾಸ್ತಿ ಆಗಿದೆ. ಏನು ತಗೊಂಡ್ರಿ ಮೇಡಂ?"

"ದ್ರವಾಹಾರವೇ ಸರ್."

"ಎಂಥದ್ದು?"

"ಹೋಳಿಗೆ" ಎಂದೆ. ತಲೆ ಎತ್ತಲಾಗಲಿಲ್ಲ.

ಪಕ್ಕದಲ್ಲಿದ್ದ ಡಯಟೀಷಿಯನ್ ಹುಡುಗಿ ನಕ್ಕಳು, ತಕ್ಷಣ ಕೆಮ್ಮಿದಂತೆ ಮಾಡಿದಳು. ಡಾಕ್ಟರು ನಗಲಿಲ್ಲ. ಆಪರೇಷನ್ ಮುಂದಕ್ಕೆ ಹಾಕಿದರು, ಮತ್ತೆ ಮೊದಲಿನಿಂದ ಪುಡಿ ಶುರು ಮಾಡಿ ಎಂದರು. ಆಮೇಲೆ ನನ್ನ ಎಡಗಾಲನ್ನು ಮಂಚದ ಮೇಲೆ ಇಡಿಸಿ, ಏನೋ ಚುಚ್ಚಿ, "ಗೊತ್ತಾಗ್ತಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಇನ್ನೂ ಸ್ವಲ್ಪ ಮೇಲೆ ಚುಚ್ಚಿದರು. ಅಲ್ಲೂ ಗೊತ್ತಾಗಲಿಲ್ಲ. "ಈ ಕಾಲು ಕಾಯ್ತಾ ಕೂರಲ್ಲ ಮೇಡಂ. ಈ ಸಲ ಹಾಗೆ ಮಾಡ್ಬೇಡಿ" ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ನನ್ನ ಮೇಲೆ ನಾನು ಸಿಟ್ಟು ಮಾಡಿಕೊಳ್ಳುವ ಅಭ್ಯಾಸ ಕಡಿಮೆ. ಅಕ್ಕನ ಫೋನು ಎತ್ತುವುದನ್ನು ಬಿಟ್ಟೆ, ಬಂದ ಫ್ಲಾಸ್ಕನ್ನು ತೆಗೆಯದೆ ಅದೇ ಬಸ್ಸಿಗೆ ವಾಪಸು ಕಳಿಸಿದೆ. ಪುಡಿ ಕುಡಿಯುತ್ತಾ, ಪಾತ್ರೆ ಉಜ್ಜುತ್ತಾ, ಅವಳು ಎದುರಿಗೆ ಸಿಕ್ಕರೆ ಏನೆನ್ನಬೇಕು ಎಂದು ಮಾತು ಮಸೆಯುತ್ತಿದ್ದೆ. ಒಂದು ಭಾನುವಾರ ಅವಳೇ ಬಂದಳು. ಬಾಗಿಲಲ್ಲಿ ನಿಂತವಳನ್ನು ಒಳಗೆ ಕರೆಯುವ ಮೊದಲೇ ಶುರು ಮಾಡಿದೆ. "ಅವ್ವನ ಕಾಲು ನಾವೇ ಎಲ್ಲಾರೂ ಸೇರಿ ತಿಂದ್ವಿ. ನೀನು ಈಗ ನನ್ನ ಕಾಲು ತಿನ್ನೋಕೆ ನಿಂತೀಯೇನು? ಪ್ರೀತಿ ಅಂತೆ ಪ್ರೀತಿ! ಬೆಂಕಿ ಹಾಕು ನಿನ್ನ ಪ್ರೀತಿಗೆ. ಬ್ಯಾಡ ಅಂದ್ರೆ ಬ್ಯಾಡ ಅಂತ ಈ ಮನೆತನದಾಗೆ ಯಾರಿಗೂ ತಿಳಿಯಂಗಿಲ್ಲೇನು?" ಇನ್ನೂ ಏನೇನೋ ಅಂದೆ. ಅಕ್ಕ ಸೋಫಾದ ತುದಿಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೆ ತಿಳೀಲಿಲ್ಲ ಸುಮಾ. ಅವ್ವನಾಣೆ ತಿಳೀಲಿಲ್ಲ" ಎಂದಳು.

ಹರಿಹರದಿಂದ ಬಿಸಿಲಲ್ಲಿ ಬಂದಿದ್ದಾಳೆ, ನಾನು ನೀರೂ ಕೊಟ್ಟಿಲ್ಲ. ಒಳಗೆ ಹೋಗಿ ಹಾಲು ಕಾಯಿಸಿದೆ, ತುಪ್ಪದಲ್ಲಿ ಶಾವಿಗೆ ಹುರಿದೆ, ಗೋಡಂಬಿ ದ್ರಾಕ್ಷಿ ಹಾಕಿದೆ. ಒಂದು ಬಟ್ಟಲು ತುಂಬ ಪಾಯಸ ತಂದು ಅವಳ ಮುಂದೆ ಇಟ್ಟೆ.

ಅಕ್ಕ ಬಟ್ಟಲನ್ನು ನೋಡಿದಳು, ಮುಟ್ಟಲಿಲ್ಲ. "ಬ್ಯಾಡವ್ವಾ. ಮೊನ್ನೆ ರೇಖಾನ್ನ ತೋರ್ಸೋಕೆ ಹೋದಾಗ ನನ್ನ ರಕ್ತಾನೂ ನೋಡಿದ್ರು. ನಂಗೂ ಸಕ್ಕರೆ ಐತಂತೆ, ಭಾಳ ಐತಂತೆ. ಸಿಹಿ ಮುಟ್ಟಬ್ಯಾಡ ಅಂದಾರೆ" ಎಂದಳು.

ಇದನ್ನು ಕೇಳಿ ನಾನು ಬಟ್ಟಲನ್ನು ಎತ್ತಿ ಒಳಗಿಡಬೇಕಿತ್ತಲ್ಲವೇ? ನನಗಾದದ್ದು ಅವಮಾನ. "ಗೊತ್ತಾತು ಬಿಡು. ಬೈದೆ ಅಂತ ಸಿಟ್ಟು ನಿಂಗೆ. ತಂಗಿ ಮನಿಗೆ ಬಂದು ಉಣ್ಣದೆ ಹೋಗ್ಬೇಕು ಅಂತಾನೇ ಬಂದೀಯ" ಎಂದೆ. ನಾಟಕವಲ್ಲ, ಹೇಳುವಾಗ ನಿಜವಾಗಿಯೇ ಅಳು ಬಂದಿತ್ತು. ಅಕ್ಕ ನನ್ನ ಮುಖವನ್ನೇ ನೋಡಿದಳು. ಸಿಟ್ಟಿಲ್ಲ ಎಂದು ತೋರಿಸಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಬಟ್ಟಲೆತ್ತಿಕೊಂಡು ತಿಂದಳು. ನಾನು ಇನ್ನೊಂದು ಸೌಟು ಹಾಕಿದೆ, ಅದನ್ನೂ ತಿಂದಳು. ಕೊನೆಗೆ, ಉಣ್ಣುವುದೆಲ್ಲ ಪ್ರಸಾದ, ಅದನ್ನು ಕೆಡಿಸಬಾರದು ಎಂದು ಚಿಕ್ಕಂದಿನಲ್ಲಿ ಅಪ್ಪ ಕಲಿಸಿದಂತೆ, ಬಟ್ಟಲಿಗೆ ನೀರು ಹಾಕಿ ಬೆರಳಾಡಿಸಿ ಆ ನೀರನ್ನೂ ಕುಡಿದಳು. ಎಷ್ಟೋ ದಿನಗಳ ಮೇಲೆ, ಅವತ್ತು, ನನ್ನ ಹೊಟ್ಟೆ ತುಂಬಿತು.