ದೇವರ ಮೀನು ಮತ್ತು ನನ್ನ ಬೂದು ಪ್ಯಾಂಟು

ಸಮುದ್ರಕ್ಕೆ ನಾನು ಹೆದರುವವನಲ್ಲ. ಬೇಕಾದರೆ ಸಮುದ್ರವೇ ನನಗೆ ಹೆದರಲಿ! ಹೀಗೆಂದು ನಾನು ಘೋಷಿಸಿದ್ದು ೨೦೦೩ರ ಸಂಕ್ರಾಂತಿಯ ಮರುದಿನ, ಕಾರವಾರ ಬಂದರಿನ ಬಳಿಯ ಬೈತಖೋಲದಲ್ಲಿ, ಮಾವನ ಮನೆಯ ಜಗಲಿಯಲ್ಲಿ, ಕೋಕಂ ಹುಳಿಯ ಸೋಲ್‌ಕಡಿಯ ಲೋಟ ಕೈಯಲ್ಲಿ ಹಿಡಿದುಕೊಂಡು. ನಾನು ಅಂಕೋಲೆಯ ಟೇಲರ್ ಮಂಗೇಶ. ಅಜ್ಜ ದೋಣಿ ಬಿಟ್ಟು ಕತ್ತರಿ ಹಿಡಿದ ಮೇಲೆ ನಮ್ಮ ಮನೆತನದಲ್ಲಿ ಯಾರೂ ಮೊಣಕಾಲು ಮುಳುಗುವಷ್ಟು ಸಮುದ್ರಕ್ಕೆ ಇಳಿದವರಲ್ಲ. ಆದರೇನು, ಮೀನುಗಾರರ ವಂಶ ವಂಶವೇ! ನನ್ನ ಮೈಯಲ್ಲಿ ಹರಿಯುವುದು ರಕ್ತವಲ್ಲ, ಉಪ್ಪುನೀರು ಎಂದು ಅಳತೆ ತೆಗೆಯುವಾಗ ಗಿರಾಕಿಗಳಿಗೆಲ್ಲ ಹೇಳುತ್ತ ಬಂದವನು ನಾನು.

ಇಷ್ಟೆಲ್ಲ ಪೌರುಷ ಉಕ್ಕಲು ಕಾರಣ ನನ್ನ ಮಾವ ಜಟ್ಟು ಹೇಳುವ ತಿಮಿಂಗಿಲದ ಕತೆ. ಹರೆಯದಲ್ಲಿ ಒಮ್ಮೆ ಮಾವ ಮೀನಿಗೆ ಹೋದವರು ಎರಡು ದಿನ ತಡವಾಗಿ, ಹರಿದ ಬಲೆ ಮತ್ತು ಖಾಲಿ ದೋಣಿಯೊಂದಿಗೆ ಮನೆಗೆ ಬಂದಿದ್ದರಂತೆ. ದೇವಗಡ ದ್ವೀಪದ ದೀಪಸ್ತಂಭದ ಆಚೆ ಗುಡ್ಡದಷ್ಟು ದೊಡ್ಡ ದೇವರ ಮೀನು, ಅಂದರೆ ತಿಮಿಂಗಿಲ, ಬಲೆಗೆ ಸಿಕ್ಕಿ, ದೋಣಿಯನ್ನೇ ಗೋವೆಯ ಕಡೆಗೆ ಎಳೆದುಕೊಂಡು ಹೋಯಿತು ಎಂಬುದು ಮಾವನ ಹೇಳಿಕೆ. ಗೋವೆಯ ಕಡೆಗೆ ಎಳೆದದ್ದು ಮೀನಲ್ಲ, ಅಲ್ಲಿಯ ಫೆಣಿ ಸಾರಾಯಿ ಎಂಬುದು ಅತ್ತೆ ಹೊನ್ನಮ್ಮನ ತೀರ್ಪು. ಈ ಖಟ್ಲೆ ಮೂವತ್ತು ವರ್ಷಗಳಿಂದ ನಡೆಯುತ್ತಲೇ ಇತ್ತು.

ಮಾವನ ಕಡೆಯ ವಾದಕ್ಕೆ ಒಂದು ದೊಡ್ಡ ತೂತಿತ್ತು. ಆ ಮನೆತನದ ರೂಢಿಯಂತೆ ತಿಮಿಂಗಿಲ ಕಂಡರೆ ಅದನ್ನು ದಿಟ್ಟಿಸಿ ನೋಡುವ ಹಾಗಿಲ್ಲ. ಕೂಡಲೇ ಕಣ್ಣು ಮುಚ್ಚಿ ಕೈ ಮುಗಿಯಬೇಕು. ಆಗ ಅದು ದೋಣಿಗೆ ತಾಗದೆ ತನ್ನ ಪಾಡಿಗೆ ಹೋಗುತ್ತದೆ. ಮಾವನೂ ಹಾಗೆಯೇ ಮಾಡಿದ್ದರಂತೆ. ಅತ್ತೆ ಬಿಡುತ್ತಾರೆಯೇ?

“ಕಣ್ಣು ಮುಚ್ಕಂಡಿದ್ರಂತೆ. ಮತ್ತೆ ಗುಡ್ಡದಷ್ಟು ದೊಡ್ಡದು ಹೇಳಿ ಹ್ಯಾಂಗೆ ಗೊತ್ತಾಯ್ತು, ಕೇಳಿ ಅವರ ಹತ್ರ.”

ಆವತ್ತೂ ಹೀಗೆಯೇ ಕೇಳಿದರು. ಮಾವ ತಲೆ ತಗ್ಗಿಸಿ ಬಲೆಯ ಕಣ್ಣು ಎಣಿಸತೊಡಗಿದರು. ಅವರ ಕಡೆಯ ಸಾಕ್ಷಿ ನಾನೇ ತರುತ್ತೇನೆಂದು ಎದ್ದು ನಿಂತೆ. ಆಗಷ್ಟೇ ಕಾರವಾರದಲ್ಲಿ ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿಗಳು ಓಡಾಡತೊಡಗಿದ್ದವು. ಡಾಲ್ಫಿನ್ ತೋರಿಸುವವನಿಗೆ ತಿಮಿಂಗಿಲ ತೋರಿಸುವುದೇನು ಮಹಾ? ಅಳತೆ ಸ್ವಲ್ಪ ದೊಡ್ಡದು, ಅಷ್ಟೇ! ನಾಳೆಯೇ ಎಲ್ಲರನ್ನೂ ಕರೆದೊಯ್ದು ತಿಮಿಂಗಿಲ ತೋರಿಸುತ್ತೇನೆ ಎಂದುಬಿಟ್ಟೆ.

ಅತ್ತೆ ಜೀವಮಾನವಿಡೀ ಮೀನು ಮಾರಿದವರು. ಆದರೆ ಅವರ ಮನೆಯ ಹೆಂಗಸರು ಮೀನಿನ ದೋಣಿ ಹತ್ತುವ ಪದ್ಧತಿ ಇಲ್ಲದ್ದರಿಂದ ಒಮ್ಮೆಯೂ ಸಮುದ್ರದ ಮೇಲೆ ಹೋದವರಲ್ಲ. ಇದು ಬಲೆಯಿಲ್ಲದ ದೋಣಿ, ಇದಕ್ಕೆ ಆ ಕಟ್ಟುಪಾಡು ಇಲ್ಲ ಎಂದು ನಾನು ವಕೀಲನಂತೆ ವಾದಿಸಿದೆ. ಅವರು ಒಪ್ಪಿದರು. ಆದರೆ ಒಂದು ಷರತ್ತು.

“ನಾಳೆ ದೇವರ ಮೀನು ಕಾಣದೇ ಇದ್ರೆ, ಇವರು ಇನ್ನು ಸಾಯೂವರೆಗೆ ಆ ಕತೆ ಹೇಳೂಕಿಲ್ಲ.”

ಮಾವ ನನ್ನ ಮುಖ ನೋಡಿದರು. ನಾನು ಎದೆ ತಟ್ಟಿಕೊಂಡೆ. ಪಾಪ, ನನ್ನ ಎದೆಯನ್ನು ನಂಬಿ ಅವರು ಆಗಲಿ ಎಂದರು.

ನನ್ನ ಹೆಂಡತಿ ವೈಜಯಂತಿ ಅಷ್ಟಕ್ಕೇ ಬಿಡಲಿಲ್ಲ. “ನೀವು ವಾಂತಿ ಮಾಡಿದ್ರೆ?” ಎಂದಳು. ವಾಂತಿ? ನಾನು? ಹಾಗೇನಾದರೂ ಆದರೆ ಒಂದು ತಿಂಗಳು ಮನೆಗೆ ಬರುವ ಮೀನನ್ನೆಲ್ಲ ನಾನೇ ಕೊಯ್ದು ತೊಳೆಯುತ್ತೇನೆ ಎಂದು ಭೀಷ್ಮಪ್ರತಿಜ್ಞೆ ಮಾಡಿದೆ. ಅವಳು ಪಕ್ಕದ ಮನೆಯಿಂದ ತಂದಿದ್ದ ರೋಲ್ ಕ್ಯಾಮರಾವನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ನನ್ನ ಉಪ್ಪುನೀರಿನ ವಂಶಕ್ಕೆ ತಕ್ಕ ಹಾಗೆ ದೋಸೆಯ ಜೊತೆ ಬಂಗಡೆ ಸಾರು ಹೊಡೆದೆ. ಇನ್ನೆರಡು ಹಾಕಿ ಎಂದು ಕೇಳಿ ಹಾಕಿಸಿಕೊಂಡೆ. ನಾನೇ ಹೊಲಿದ ಬೂದು ಬಣ್ಣದ ಹೊಸ ಪ್ಯಾಂಟು ತೊಟ್ಟೆ. ದೋಣಿಯ ಯಜಮಾನ ಕಿಶನ ಬೈತಖೋಲದವನೇ, ಮಾವನಿಗೆ ದೂರದ ಸಂಬಂಧಿ. ಅವನು ಕೊಟ್ಟ ಕಿತ್ತಳೆ ಬಣ್ಣದ ಲೈಫ್ ಜಾಕೀಟಿನ ಪಟ್ಟಿ ನನ್ನ ಹೊಟ್ಟೆಯನ್ನು ಸುತ್ತಲು ಖಡಾಖಂಡಿತ ನಿರಾಕರಿಸಿತು. ಕೊನೆಗೆ ಎರಡು ಜಾಕೀಟಿನ ಪಟ್ಟಿ ಒಂದಕ್ಕೊಂದು ಗಂಟು ಹಾಕಿ ನನ್ನನ್ನು ಕಟ್ಟಬೇಕಾಯಿತು. ನಮ್ಮ ಮಗಳು ಸಪ್ನಾ, ಅಪ್ಪ ಮುಳುಗಿದರೂ ಮುಳುಗುವುದಿಲ್ಲ ಎಂದು ಧೈರ್ಯ ಹೇಳಿದಳು.

ಅತ್ತೆ ದೋಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ದೋಣಿ ದಡ ಬಿಟ್ಟಿತು. ಅವರು ಮುಂದಿನ ಸಮುದ್ರ ನೋಡಲೇ ಇಲ್ಲ. ತಿರುಗಿ ಕೂತು ಬೈತಖೋಲವನ್ನೇ ನೋಡುತ್ತಿದ್ದರು.

“ನಮ್ಮ ಮನೆ ಇಷ್ಟು ಸಣ್ಣದಾ?” ಎಂದರು.

“ನಾ ದಿನಾ ನೋಡ್ತಿದ್ದೆ,” ಎಂದರು ಮಾವ. “ನೀ ದೀಪ ಹಚ್ಚಿದ್ರೆ ಇಲ್ಲಿವರೆಗೆ ಕಾಣ್ತಿತ್ತು.”

ಅತ್ತೆ ಸೆರಗು ಸರಿ ಮಾಡಿಕೊಂಡರು. ನನಗೆ ಈ ಇಬ್ಬರ ಮೇಲೂ ಬಹಳ ಪ್ರೀತಿ ಬಂತು. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಮೊದಲನೆಯ ಬಂಗಡೆ ಸಣ್ಣಗೆ ಬಾಲ ಅಲ್ಲಾಡಿಸಿತು.

ಡಾಲ್ಫಿನ್‌ಗಳು ಬೇಗನೆ ಕಂಡವು. ಸಪ್ನಾ ಕುಣಿದಾಡಿದಳು. ಅತ್ತೆ ಮಾತ್ರ ಜಗ್ಗಲಿಲ್ಲ. ಇದನ್ನೆಲ್ಲ ದಡದಲ್ಲಿ ನಿಂತೂ ನೋಡಿದ್ದೇನೆ, ದೊಡ್ಡದು ಎಲ್ಲಿ ಎಂದರು. ಕಿಶನ ದೀಪಸ್ತಂಭದ ಆಚೆಗೆ ದೋಣಿ ತಿರುಗಿಸಿದ. ಅಲ್ಲಿ ಅಲೆಗಳು ದೋಣಿಯನ್ನು ಎತ್ತಿ ಎತ್ತಿ ಇಳಿಸತೊಡಗಿದವು. ಎಲ್ಲರೂ ಸುತ್ತಲಿನ ನೀರು ನೋಡುತ್ತಿದ್ದರೆ ವೈಜಯಂತಿ ನನ್ನನ್ನೇ ನೋಡುತ್ತಿದ್ದಳು. ನಾನು ನಗಲು ಪ್ರಯತ್ನಿಸಿದೆ. ಬಾಯಿ ತೆರೆಯುವುದು ಕ್ಷೇಮವಲ್ಲ ಎಂದು ತಕ್ಷಣ ಅರಿವಾಯಿತು.

ಎಷ್ಟು ಹೊತ್ತು ತಡೆದುಕೊಂಡೆನೋ ಆ ವರುಣದೇವನೇ ಬಲ್ಲ. ಕೊನೆಗೆ ದೋಣಿಯ ಅಂಚು ಹಿಡಿದು, ಬೆನ್ನು ಬಗ್ಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತಿಂದದ್ದನ್ನೆಲ್ಲ ಸಮುದ್ರರಾಜನಿಗೆ ಸಮರ್ಪಿಸತೊಡಗಿದೆ! ನನ್ನ ಹಿಂದೆ ಚೀಲದ ಜಿಪ್ಪು ಎಳೆದ ಸದ್ದಾಯಿತು. ತಿಂಗಳ ಮೀನು ತೊಳೆಯುವ ಕೆಲಸಕ್ಕೆ ಪುರಾವೆ ಸಿದ್ಧವಾಗುತ್ತಿತ್ತು.

ಆಗಲೇ ಮಾವ ಕೂಗಿದರು. “ಬಂತು! ದೇವರ ಮೀನು!”

ಮುಂದಿನದನ್ನು ನಾನು ಆಮೇಲೆ ಎಲ್ಲರನ್ನೂ ಕೇಳಿ ತಿಳಿದುಕೊಂಡದ್ದು. ಮಾವ ಕೂಗಿದವರೇ ಕಣ್ಣು ಮುಚ್ಚಿದರು. ಸಪ್ನಾ ಇಣುಕಿ ನೋಡದಂತೆ ಅವಳ ಕಣ್ಣಿಗೂ ಅಂಗೈ ಅಡ್ಡ ಹಿಡಿದರು. ಕತೆಯನ್ನು ನಂಬದ ಅತ್ತೆಯೂ, ರೂಢಿ ರೂಢಿಯೇ ತಾನೇ, ಕೂಗು ಕೇಳಿದ ಕೂಡಲೇ ಕಣ್ಣು ಮುಚ್ಚಿ ಕೈ ಮುಗಿದರು. ಕಿಶನ ದೋಣಿಯ ಚುಕ್ಕಾಣಿಯನ್ನೇ ಬಿಟ್ಟು ಕೈ ಮುಗಿದ. ವೈಜಯಂತಿ ಬೆಚ್ಚಿಬಿದ್ದ ರಭಸಕ್ಕೆ ಅವಳ ಬೆರಳು ಕ್ಯಾಮರಾದ ಗುಂಡಿ ಒತ್ತಿತು. ಕಣ್ಣು ತವರಿನ ಪದ್ಧತಿಯಂತೆ ಮುಚ್ಚಿತು. ನನಗೆ ತಿಳಿದದ್ದು ಇಷ್ಟೇ: ಭುಸ್ಸೆಂದು ಒಂದು ಸದ್ದು, ಆಮೇಲೆ ಮುಖಕ್ಕೆ ರಪ್ಪನೆ ಬಡಿದ ಮೀನು ನಾತದ ನೀರು. ನನ್ನದೇ ಬಂಗಡೆ ಗಾಳಿಗೆ ತಿರುಗಿ ಬಂತೆಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ನಾವೆಲ್ಲ ಕಣ್ಣು ಬಿಟ್ಟಾಗ ಎದುರಿಗೆ ನೊರೆ ಮಾತ್ರ ಇತ್ತು.

“ನೋಡಿದ್ಯಾ?” ಎಂದರು ಮಾವ.

“ಕಣ್ಣು ಮುಚ್ಚಿ ಎಂತದು ನೋಡೂದು?” ಎಂದರು ಅತ್ತೆ. “ಅರ್ಗಾದ ನೇವಿಯವರದ್ದು ಎಂತದೋ ನೀರೊಳಗೆ ಹೋಗಿರ್ಬೇಕು.”

ಮೂವತ್ತು ವರ್ಷ ಕಾದ ತಿಮಿಂಗಿಲ ಬಂತು. ಒಂದು ದೋಣಿ ತುಂಬ ಜನರಿದ್ದೂ ನೋಡಿದವರು ಒಬ್ಬರೂ ಇಲ್ಲ! ಷರತ್ತು ಷರತ್ತೇ ಎಂದು ಅತ್ತೆ ಹೇಳುವ ಅಗತ್ಯವೂ ಇರಲಿಲ್ಲ. ಆವತ್ತು ಊಟಕ್ಕೆ ಕೂತಾಗ ನೆರೆಮನೆಯ ತಿಮ್ಮು ಬಂದು, ಜಟ್ಟಣ್ಣ, ಆ ದೇವರ ಮೀನಿನ ಕತೆ ಹೇಳು ಎಂದ. ಮಾವ ಅನ್ನ ಕಲಸುತ್ತ, ಅದು ಎಂತದೂ ಇಲ್ಲ ಬಿಡು ಎಂದರು. ಅತ್ತೆ ತುತ್ತು ಎತ್ತಿದವರು ಹಾಗೆಯೇ ಕೆಳಗಿಟ್ಟರು. ನನಗಂತೂ ಅಳುವೇ ಬಂತು. ಕತೆ ಸುಳ್ಳೋ ನಿಜವೋ, ಅದನ್ನು ಹೇಳುವಾಗ ಮಾವನ ಮುಖ ಬೆಳಗುತ್ತಿತ್ತು. ನನ್ನ ಬಡಾಯಿ ಆ ಬೆಳಕನ್ನು ನಂದಿಸಿತ್ತು.

ವಾರ ಕಳೆದ ಮೇಲೆ ವೈಜಯಂತಿ ಅಂಕೋಲೆಯ ಸ್ಟುಡಿಯೋದಿಂದ ಫೋಟೋ ತಂದಳು. ಪುರಾವೆ ಹುಡುಕುತ್ತ ಒಂದೊಂದಾಗಿ ತಿರುವಿದವಳು ಕೊನೆಯದಕ್ಕೆ ಬಂದು ನನ್ನನ್ನು ಕೂಗಿದಳು. ಅದನ್ನು ನನ್ನ ಕೈಗೆ ಕೊಟ್ಟಳು. ಚಿತ್ರದ ಮುಕ್ಕಾಲು ಪಾಲು, ಬಗ್ಗಿ ನಿಂತ ನನ್ನ ಬೂದು ಬಣ್ಣದ ಪ್ಯಾಂಟು, ನಡುವೆ ನಾನೇ ಹಾಕಿದ ನೇರವಾದ ಹೊಲಿಗೆ. ಅದರಾಚೆ, ನೀರಿನಿಂದ ಮೇಲೆದ್ದು ಆಕಾಶಕ್ಕೆ ಹರಡಿ ನಿಂತ, ಎರಡು ದೋಣಿ ಅಗಲದ ಬಾಲ! ಅಂದರೆ ತಿಮಿಂಗಿಲಕ್ಕೆ ಎಲ್ಲರಿಗಿಂತ ಹತ್ತಿರ ಇದ್ದವನು ನಾನು. ಅದು ನನ್ನನ್ನು ಚೆನ್ನಾಗಿ ನೋಡಿಯೇ ಹೋಗಿರಬೇಕು.

ಅಂಗಡಿಗೆ ಬೀಗ ಜಡಿದು ಸಿಕ್ಕ ಬಸ್ಸು ಹತ್ತಿ ಬೈತಖೋಲಕ್ಕೆ ಓಡಿದೆವು. ಅತ್ತೆ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಲೆ ಹೊಲಿಯುತ್ತಿದ್ದ ಮಾವನ ಎದುರು ಹೋಗಿ ಕೂತರು.

“ಆವತ್ತು ಬಲೆ ಹರಿದದ್ದು ದೇವರ ಮೀನೇ ಹೌದು. ನಾ ಸುಮ್ನೆ ಬೈದೆ.”

ಮಾವ ಫೋಟೋ ನೋಡಿದರು. ರೂಢಿ ಮರೆತು ಕಣ್ಣು ತುಂಬ ನೋಡಿದರು. ಕಣ್ಣೊರೆಸಿಕೊಂಡು, ನನಗೆ ಕೇಳಿಸದ ಹಾಗೆ ಹೇಳಿದರು. ಆದರೂ ಕೇಳಿಸಿತು.

“ಫೆಣಿನೂ ಸ್ವಲ್ಪ ಕುಡಿದಿದ್ದೆ. ಹೆದರಿಕೆಗೆ.”

ಅತ್ತೆ ನಕ್ಕದ್ದು ಬಂದರಿನವರೆಗೆ ಕೇಳಿರಬೇಕು. ಆವತ್ತಿನಿಂದ ಮಾವನ ಕತೆ ಮತ್ತೆ ಶುರುವಾಯಿತು. ಈಗ ಅದನ್ನು ಅರ್ಧ ಅವರು, ಅರ್ಧ ಅತ್ತೆ ಹೇಳುತ್ತಾರೆ. ಅತ್ತೆ ಹೇಳುವಾಗ ತಿಮಿಂಗಿಲ ಇನ್ನೂ ಸ್ವಲ್ಪ ಉದ್ದವಾಗುತ್ತದೆ. ನಾನು ಒಂದು ತಿಂಗಳು ಮೀನು ಕೊಯ್ದು ತೊಳೆದೆ. ಅದರ ಬೇಸರವಿಲ್ಲ. ತಿಮಿಂಗಿಲ ತೋರಿಸುತ್ತೇನೆ ಎಂದೆ, ತೋರಿಸಿದೆ! ಕೊಟ್ಟ ಮಾತು ಉಳಿಸಿಕೊಂಡ ಅಳಿಯ ಕಾರವಾರ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ಹೇಳಿ.

ಫೋಟೋಕ್ಕೆ ದೊಡ್ಡ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದಾರೆ. ಬಂದವರೆಲ್ಲ ಅದರ ಎದುರು ನಿಂತು ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಹೀಗೆ ಬೈತಖೋಲದ ಅರ್ಧ ಊರು ನನ್ನ ಪ್ಯಾಂಟಿಗೆ ಕೈ ಮುಗಿದಿದೆ. ಇಂಥ ಗೌರವ ಯಾವ ಟೇಲರನಿಗೆ ಸಿಕ್ಕೀತು ಎಂದು ನಾನು ಬೀಗುತ್ತಲೇ ಇದ್ದೆ, ಮೊನ್ನೆ ಸದಾಶಿವಗಡದಿಂದ ಅತ್ತೆಯ ತಂಗಿ ಹೀರಾ ಬರುವವರೆಗೆ. ಅವರಿಗೆ ಕಣ್ಣು ಮಂಜು. ಭಕ್ತಿಯಿಂದ ಕೈ ಮುಗಿದು, ಕಣ್ಣು ಬಿಟ್ಟು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಫೋಟೋವನ್ನು ನೋಡಿದರು.

“ಇದ್ರಲ್ಲಿ ದೇವರ ಮೀನು ಯಾವ್ದೇ, ಅಕ್ಕಾ?”

ಅತ್ತೆ ನಾನು ಅಲ್ಲೇ ಕೂತಿದ್ದೇನೆಂಬುದನ್ನೂ ಲೆಕ್ಕಿಸದೆ ತಣ್ಣಗೆ ಹೇಳಿದರು.

“ಬಾಲ ಇದ್ದದ್ದು ದೇವರ ಮೀನು. ಇನ್ನೊಂದು ನಮ್ಮ ಅಳಿಯ.”