ಇಪ್ಪತ್ತೈದು ಸುತ್ತಿನ ಹವಾಮಾನ ಪ್ರವಾಸ

ಹವಾಮಾನವು ಹೊರಗಡೆ ಇರುತ್ತದೆ ಎಂಬುದು ಹಳೆಯ ಪಠ್ಯಕ್ರಮದ ಪ್ರಕಾರ ಸರಿಯಾಗಿತ್ತು. ಹೊಸ ಪಠ್ಯಕ್ರಮದ ಪ್ರಕಾರ ಅದು ಇಂಟರ್ನೆಟ್ಟಿನಲ್ಲಿರುತ್ತದೆ. ಈ ಸ್ಥಳಾಂತರ ಶೈಕ್ಷಣಿಕ ವರ್ಷದ ನಡುವೆ ಜಾರಿಗೆ ಬಂದದ್ದರಿಂದ ಕೆಲವು ವಾರ ಹವಾಮಾನ ಎರಡೂ ಕಡೆ ಇರುವಂತಾಯಿತು. ಇದಕ್ಕಾಗಿ ಇಲಾಖೆ ವಿಷಾದವನ್ನೂ ವ್ಯಕ್ತಪಡಿಸಿತ್ತು.

ಏಳನೇ ತರಗತಿಯ ಮಕ್ಕಳನ್ನು ತಿಂಗಳ ಕೊನೆಯೊಳಗೆ ‘ಇಂಟರ್ನೆಟ್ ಮೂಲಕ ಹವಾಮಾನ ಅರಿಯುವ ಶೈಕ್ಷಣಿಕ ಪ್ರವಾಸ’ಕ್ಕೆ ಕರೆದೊಯ್ಯತಕ್ಕದ್ದು ಎಂಬ ಸುತ್ತೋಲೆ ಬಂದಾಗ ಹೆಡ್ಮಾಸ್ತರರು ಅದನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಆಗಲೂ ಅದೇ ಬರೆದಿದ್ದರಿಂದ ಭೂಗೋಳದ ಮೇಡಂಗೆ ಹೇಳಿಕಳಿಸಿದರು.

ಭೂಗೋಳದ ಮೇಡಂ ಆ ಶಾಲೆಯಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕವಾಗಿದ್ದರು. ಅವರು ಸೇರಿದ ಮೇಲೆ ಶಾಲೆಯ ಛಾವಣಿ ಎರಡು ಸಲ ಬದಲಾಗಿತ್ತು, ಗಂಟೆ ಒಂದು ಸಲ, ಹೆಡ್ಮಾಸ್ತರರು ನಾಲ್ಕು ಸಲ. ಬದಲಾಗದೆ ಉಳಿದದ್ದು ಮೇಡಂ ಒಬ್ಬರೇ, ಅವರೇ ತಾತ್ಕಾಲಿಕ. ಕಾಯಂ ಆಗಬೇಕಾದರೆ ಅವರ ಫೈಲಿನಲ್ಲಿ ಹದಿನೇಳು ಕಾಗದ ಇರಬೇಕಿತ್ತು, ಹದಿನಾರು ಇದ್ದವು. ಇಲ್ಲದ್ದು ‘ಪ್ರವಾಸ ನಡೆಸಿದ ವರದಿ’. ಈ ತಿಂಗಳ ಪಟ್ಟಿ ತಪ್ಪಿದರೆ ಮುಂದಿನ ಪಟ್ಟಿಯ ಹೊತ್ತಿಗೆ ಅವರಿಗೆ ವಯಸ್ಸು ಮೀರುತ್ತಿತ್ತು. ಮನೆಯಲ್ಲಿ ಅವರ ಅತ್ತೆ ಪ್ರತಿದಿನ ಸಂಜೆ ಚಪ್ಪಲಿ ಬಿಡುವ ಮೊದಲೇ “ಆಯ್ತಾ?” ಅನ್ನುತ್ತಿದ್ದರು. “ಇನ್ನೂ ಇಲ್ಲ ಅತ್ತೆ” ಅನ್ನುವುದು ಮೇಡಂಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು.

ಹೀಗಾಗಿ ಅವರು ಸುತ್ತೋಲೆಯನ್ನು ಓದದೆಯೇ ಒಪ್ಪಿಕೊಂಡರು.

ತೊಡಕು ಇದ್ದದ್ದು ದೂರದ ಲೆಕ್ಕದಲ್ಲಿ. ಮಕ್ಕಳ ಪಾಲಿನ ಇಂಟರ್ನೆಟ್ ಇದ್ದದ್ದು ಕಂಪ್ಯೂಟರ್ ಕೋಣೆಯಲ್ಲಿ, ಕಂಪ್ಯೂಟರ್ ಕೋಣೆ ಇದ್ದದ್ದು ಅಂಗಳದ ಆಚೆ. ಏಳನೇ ತರಗತಿಯ ಬಾಗಿಲಿನಿಂದ ಲೆಕ್ಕ ಹಾಕಿದರೆ ನಲವತ್ತು ಹೆಜ್ಜೆ. ಪ್ರವಾಸ ನಿಯಮಾವಳಿಯಂತೆ ಹತ್ತು ಕಿಲೋಮೀಟರಿಗೆ ಕಡಿಮೆಯಾದ ಯಾವುದೇ ಚಲನೆಯು ‘ಓಡಾಟ’ವೇ ಹೊರತು ಪ್ರವಾಸವಲ್ಲ. ಪ್ರವಾಸವೆಂದ ಮೇಲೆ ಬಸ್ಸು, ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆಯ ಡಬ್ಬ ಮತ್ತು ಒಂದು ಸೀಟಿ ಕಡ್ಡಾಯ.

ಹೆಡ್ಮಾಸ್ತರರು ತಲೆ ಮೇಲೆ ಕೈ ಹೊತ್ತು ಕೂತರು. ದಾರಿ ತೋರಿಸಿದವರು ಶಾಲೆಯ ಗುಮಾಸ್ತರು. ನಿಯಮಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಅವರು ಯಾವುದನ್ನೂ ಮುರಿಯದೆಯೇ ಬಗ್ಗಿಸಬಲ್ಲವರಾಗಿದ್ದರು.

“ಹತ್ತು ಕಿಲೋಮೀಟರ್ ಅಂತ ಇದೆ ಸರ್, ನಿಜ. ಆದ್ರೆ ನೆಟ್ಟಗೆ ಹೋಗ್ಬೇಕು ಅಂತ ಎಲ್ಲಿದೆ?”

ಎಲ್ಲೂ ಇರಲಿಲ್ಲ. ಶಾಲೆಯ ಕಾಂಪೌಂಡನ್ನು ಒಂದು ಸುತ್ತು ಹಾಕಿದರೆ ನಾನೂರು ಮೀಟರ್. ಇಪ್ಪತ್ತೈದು ಸುತ್ತು ಹಾಕಿ ಬಸ್ಸು ಕಂಪ್ಯೂಟರ್ ಕೋಣೆಯ ಮುಂದೆ ನಿಂತರೆ ಪ್ರವಾಸ ಸಾಂಗವಾಗುತ್ತದೆ ಎಂದು ತೀರ್ಮಾನವಾಯಿತು. ಸುತ್ತು ಎಣಿಸುವ ಜವಾಬ್ದಾರಿಯನ್ನು ತರಗತಿಯ ಒಬ್ಬ ಹುಡುಗಿಗೆ ವಹಿಸಲಾಯಿತು. ಯಾರು ಏನೇ ಹೇಳಲಿ, “ಅದು ಹೇಗೆ?” ಎಂದು ಕೇಳದೆ ಬಿಡದ ಅವಳನ್ನು ಶಾಲೆಯೆಲ್ಲ ಲಾಯರಮ್ಮ ಎಂದೇ ಕರೆಯುತ್ತಿತ್ತು.

ಪ್ರವಾಸದ ದಿನ ಬೆಳಗಿನಿಂದಲೇ ಮಳೆ ಹಿಡಿದು ಹೊಡೆಯುತ್ತಿತ್ತು. ಹೆಡ್ಮಾಸ್ತರರು ಇಲಾಖೆಗೆ ಫೋನ್ ಮಾಡಿ ಪ್ರವಾಸ ಮುಂದೂಡಬಹುದೇ ಎಂದು ವಿಚಾರಿಸಿದರು. ಇಂಟರ್ನೆಟ್ ಏನು ಹೇಳುತ್ತದೆ ಎಂದು ಇಲಾಖೆ ಮರುಪ್ರಶ್ನೆ ಹಾಕಿತು. ನೋಡಿದರೆ, ಆಕಾಶ ನಿರ್ಮಲ, ಮೂವತ್ತನಾಲ್ಕು ಡಿಗ್ರಿ.

ಇದರಲ್ಲಿ ಇಂಟರ್ನೆಟ್ಟಿನ ತಪ್ಪೇನೂ ಇರಲಿಲ್ಲ. ಕಂಪ್ಯೂಟರ್ ಜೋಡಿಸಲು ದೂರದಿಂದ ಬಂದಿದ್ದ ಮೆಕ್ಯಾನಿಕ್ಕು, ಮನೆ ನೆನಪಾಗಿಯೋ ಏನೋ, ಹವಾಮಾನದ ಪುಟದಲ್ಲಿ ತನ್ನ ಊರನ್ನೇ ಹಾಕಿ ಹೋಗಿದ್ದ. ಆ ಊರು ರೈಲಿನಲ್ಲಿ ಹೋದರೆ ಒಂದೂವರೆ ದಿನದ ಹಾದಿ. ಊರಿನ ಹೆಸರು ಬದಲಿಸುವುದು ಎರಡು ಗುಂಡಿ ಒತ್ತುವಷ್ಟರ ಕೆಲಸ. ಆದರೆ ಅದು ‘ಉಪಕರಣದ ಮೂಲಸ್ಥಿತಿಗೆ ಧಕ್ಕೆ’ ಎಂಬ ಕಲಮಿನಡಿ ಬರುತ್ತಿದ್ದರಿಂದ ಮೂರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

ಆಕಾಶ ನಿರ್ಮಲವಾಗಿರುವುದರಿಂದ ಮುಂದೂಡಲು ಕಾರಣವಿಲ್ಲ ಎಂದು ಇಲಾಖೆ ತಿಳಿಸಿತು. ಅದೇ ಕಾರಣಕ್ಕೆ ಕೊಡೆಗಳನ್ನು ‘ಪ್ರವಾಸಕ್ಕೆ ಸಂಬಂಧಪಡದ ವಸ್ತು’ಗಳ ಪಟ್ಟಿಗೆ ಸೇರಿಸಿ, ಸಂಜೆಯವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು.

ಮೂವತ್ತಾರು ಮಕ್ಕಳು ಬಸ್ಸು ಹತ್ತಿದರು. ಕಿಟಕಿಯಾಚೆ ನೋಡಿ ಹವಾಮಾನ ತಿಳಿದುಕೊಂಡರೆ ಅದು ಹಳೆಯ ಪಠ್ಯಕ್ರಮವಾಗುವುದರಿಂದ ಪರದೆ ಎಳೆಯಲಾಯಿತು. ಮೇಡಂ ಸೀಟಿ ಊದಿದರು. ನಾಲ್ಕನೇ ಸುತ್ತಿಗೆ ಮಕ್ಕಳು ಹಾಡು ಶುರುಮಾಡಿದರು, ಏಳನೇ ಸುತ್ತಿಗೆ ನಿಲ್ಲಿಸಿದರು, ಒಂಬತ್ತನೇ ಸುತ್ತಿಗೆ ಇಬ್ಬರು ವಾಂತಿ ಮಾಡಿಕೊಂಡರು. ಪ್ರವಾಸ ಈಗ ಪ್ರವಾಸದಂತಿದೆ ಎಂದು ಮೇಡಂಗೆ ಸಮಾಧಾನವಾಯಿತು. ಹತ್ತೊಂಬತ್ತನೇ ಸುತ್ತಿನ ಕೊನೆಯಲ್ಲಿ ಬಸ್ಸಿನ ಹಿಂದಿನ ಚಕ್ರ ಕೆಸರಿನಲ್ಲಿ ಮೊಳಕಾಲುದ್ದ ಹೂತುಹೋಯಿತು.

ಡ್ರೈವರ್ ಇಳಿದು ನೋಡಿ, ಇದು ಇವತ್ತು ಏಳುವ ಪೈಕಿ ಅಲ್ಲ ಎಂದ. ಕಂಪ್ಯೂಟರ್ ಕೋಣೆ ಅಲ್ಲೇ ಕಾಣುತ್ತಿತ್ತು. ಹತ್ತೊಂಬತ್ತು ಸಾಲದೇ ಎಂದು ಮೇಡಂ ಲಾಯರಮ್ಮನ ಮುಖ ನೋಡಿದರು.

“ಇನ್ನೂ ಆರು ಇದೆ ಮೇಡಂ” ಎಂದಳು ಅವಳು.

ಪ್ರವಾಸವನ್ನು ಪರಿಶೀಲಿಸಲು ಇಲಾಖೆ ಕಳಿಸಿದ್ದ ಪರಿವೀಕ್ಷಕರು ಕಂಪ್ಯೂಟರ್ ಕೋಣೆಯಲ್ಲಿ ಆಗಲೇ ಬಂದು ಕೂತಿದ್ದರು. ವರದಿ ಒಪ್ಪಿದರೆ ಸ್ಥಳದಲ್ಲೇ ಕಾಯಂ ಆದೇಶಕ್ಕೆ ಸಹಿ ಹಾಕುವ ಅಧಿಕಾರ ಅವರಿಗಿತ್ತು. ಹತ್ತು ಕಿಲೋಮೀಟರಿಗೆ ಕಡಿಮೆಯಾದರೆ ಅದು ಓಡಾಟ, ಓಡಾಟಕ್ಕೆ ವರದಿಯಿಲ್ಲ. ಮೇಡಂ ಮಕ್ಕಳನ್ನು ಇಳಿಸಿ, ಸೀಟಿನ ಕ್ರಮದಲ್ಲೇ ಇಬ್ಬಿಬ್ಬರಾಗಿ ನಿಲ್ಲಿಸಿ, ಉಳಿದ ಆರು ಸುತ್ತನ್ನು ಕಾಲ್ನಡಿಗೆಯಲ್ಲಿ ಮುಗಿಸಿದರು. ಇದು ಬಸ್ ಪ್ರವಾಸವೇ ಆದ್ದರಿಂದ ಡ್ರೈವರ್ ಎಲ್ಲರಿಗಿಂತ ಮುಂದೆ ನಡೆಯುತ್ತ, ತಿರುವು ಬಂದಾಗಲೆಲ್ಲ ಬಾಯಲ್ಲೇ ಹಾರನ್ ಮಾಡಿದ.

ಕಂಪ್ಯೂಟರ್ ಕೋಣೆ ಬೆಚ್ಚಗಿತ್ತು. ಪರದೆಯ ಮೇಲೆ ಹಳದಿ ಸೂರ್ಯ ನಗುತ್ತಿದ್ದ. ಮಕ್ಕಳು ಸರದಿಯಲ್ಲಿ ಬಂದು ಸೂರ್ಯನನ್ನು ನೋಡಿ, ಪುಸ್ತಕದ ಒದ್ದೆ ಹಾಳೆಯಲ್ಲಿ ‘ಆಕಾಶ ನಿರ್ಮಲ, ಮಳೆ ಇಲ್ಲ’ ಎಂದು ಬರೆದುಕೊಂಡರು. ಲಾಯರಮ್ಮನ ಸರದಿ ಬಂತು. ಅವಳು ಪರದೆ ನೋಡಿದಳು, ತನ್ನ ಲಂಗದ ಅಂಚು ಹಿಂಡಿದಳು. ನೆಲದ ಮೇಲೆ ಒಂದು ಸಣ್ಣ ಕೆರೆಯಾಯಿತು.

“ಮೇಡಂ, ಹೊರಗೆ ಮಳೆ ಬರ್ತಿದ್ಯಲ್ಲ?”

ಪರಿವೀಕ್ಷಕರ ಶಾಯಿಪೆನ್ನು ಕಾಗದದ ಮೇಲೆ ನಿಂತಿತು. ಹೆಡ್ಮಾಸ್ತರರು ಗೋಡೆ ನೋಡತೊಡಗಿದರು. ಒಂಬತ್ತು ವರ್ಷದಿಂದ ಮಕ್ಕಳಿಗೆ ಮೋಡ ತೋರಿಸಿ ಪಾಠ ಹೇಳಿದ್ದ ಮೇಡಂಗೆ, ಹೌದು ಅನ್ನುವ ಒಂದು ಮಾತು ಗಂಟಲವರೆಗೆ ಬಂತು. ಅಲ್ಲಿ ಅದಕ್ಕೆ ಹದಿನಾರು ಕಾಗದಗಳು ಅಡ್ಡ ಸಿಕ್ಕವು.

“ಒಳ್ಳೇ ಪ್ರಶ್ನೆ ಪುಟ್ಟಿ” ಎಂದರು. “ಆದ್ರೆ ಅದು ಪ್ರವಾಸ ಮುಗಿದ ಮೇಲೆ ಕೇಳೋ ಪ್ರಶ್ನೆ.”

“ಪ್ರವಾಸ ಯಾವಾಗ ಮುಗಿಯತ್ತೆ?”

“ಸಾಹೇಬ್ರು ಸಹಿ ಹಾಕಿದ ಮೇಲೆ.”

ಉತ್ತರದಲ್ಲಿ ಕ್ರಮಬದ್ಧತೆ ಇದ್ದದ್ದು ಪರಿವೀಕ್ಷಕರಿಗೆ ಹಿಡಿಸಿತು. ಆದರೂ ಕರ್ತವ್ಯವೆಂದು, ಮಕ್ಕಳೆಲ್ಲ ತೊಯ್ದಿರುವುದು ಯಾಕೆ ಎಂದು ವಿಚಾರಿಸಿದರು.

“ಬೆವರು ಸರ್. ಮೂವತ್ತನಾಲ್ಕು ಡಿಗ್ರಿ ನೋಡಿ.”

ಪರಿವೀಕ್ಷಕರು ತಮ್ಮ ಕರವಸ್ತ್ರವನ್ನು ಹಿಂಡಿಕೊಂಡು, ತಮಗೂ ಬರುವಾಗ ದಾರಿಯಲ್ಲಿ ಹಾಗೇ ವಿಪರೀತ ಸೆಕೆಯಾಯಿತೆಂದು ಒಪ್ಪಿದರು. ಮೇಡಂ ವರದಿಗೆ ಸಹಿ ಹಾಕಿದರು: ‘ಈ ದಿನ ಶಾಲೆಯ ಆವರಣದಲ್ಲಿ ಮಳೆ ಬಿದ್ದಿರುವುದಿಲ್ಲ.’ ಪರಿವೀಕ್ಷಕರು ಅದನ್ನು ಒಪ್ಪಿ, ಇನ್ನೊಂದು ಹಾಳೆ ತೆಗೆದು, ಮೇಡಂ ಇಂದಿನಿಂದ ಕಾಯಂ ಎಂದು ದುಂಡನೆಯ ಅಕ್ಷರದಲ್ಲಿ ಕೈಯಾರೆ ಬರೆದು ಸಹಿ ಮಾಡಿದರು. ಐದು ಗಂಟೆಯೊಳಗೆ ಗುಮಾಸ್ತರಲ್ಲಿ ನೋಂದಾಯಿಸಿದರೆ ಆಯಿತು, ಇಲ್ಲವಾದರೆ ಆದೇಶ ತಾನಾಗಿಯೇ ರದ್ದು ಎಂದರು. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತರ ಕೋಣೆ ಇದ್ದದ್ದು ಅಂಗಳದ ಆಚೆ.

ಮೇಡಂ ಆದೇಶವನ್ನು ಜೋಪಾನವಾಗಿ ಕೈಚೀಲದೊಳಗಿಟ್ಟು ಓಡಿದರು. ಆದರೆ ಅದು ಆರು ಸುತ್ತು ನಡೆದುಬಂದ ಕೈಚೀಲ. ಒಳಗೆ ಬಾಚಣಿಗೆ ತೇಲುತ್ತಿತ್ತು.

ಗುಮಾಸ್ತರ ಮೇಜಿನ ಮೇಲೆ ಮೇಡಂ ಬಿಡಿಸಿಟ್ಟದ್ದು ಒಂದು ತೆಳುನೀಲಿ ಹಾಳೆ. ಅಕ್ಷರವೆಂಬುದು ಒಂದೂ ಇರಲಿಲ್ಲ.

“ಮಳೇಲಿ ನೆಂದುಹೋಯ್ತು ಸಾರ್” ಎಂದರು. “ಇನ್ನೊಂದು ಬರೆಸಿಕೊಳ್ಳೋಕೆ ಬರತ್ತಾ?”

ಗುಮಾಸ್ತರು ವರದಿಯ ಪ್ರತಿಯನ್ನು ಅವರ ಕಡೆಗೆ ತಿರುಗಿಸಿದರು. ಅದು ಗುಮಾಸ್ತರಿಗೆ ಅದಾಗಲೇ ಇಂಟರ್ನೆಟ್ ಮೂಲಕ ಬಂದು ತಲುಪಿತ್ತು, ಒಣಗಿಯೇ ಇತ್ತು.

“ಯಾವ ಮಳೆ ಮೇಡಂ?”

ಮೇಡಂ ತಮ್ಮ ಸಹಿಯನ್ನು ನೋಡಿದರು.

ಗುಮಾಸ್ತರು ಸಾವಧಾನವಾಗಿ ವಿವರಿಸಿದರು. ಕಾಗದ ನೆಂದು ಹಾಳಾದರೆ ಎರಡನೇ ಪ್ರತಿ ಕೊಡಲು ಅವಕಾಶವುಂಟು, ಆದರೆ ನೆನೆಯಲು ಮಳೆ ಬಿದ್ದಿರಬೇಕು. ಈ ದಿನ ಮಳೆ ಬಿದ್ದಿಲ್ಲವೆಂದು ಇಲಾಖೆ ಒಪ್ಪಿದೆ. ಆದ್ದರಿಂದ ಆದೇಶ ನೆಂದಿಲ್ಲ. ನೆನೆಯದ ಆದೇಶ ಓದಲು ಬರುತ್ತದೆ. ಹೀಗೆ ಹೇಳಿ ಅವರು ರಿಜಿಸ್ಟರ್ ತೆರೆದು, ನೀಲಿ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಸಾಲಿನಿಂದ ಸಾಲಿಗೆ ಬೆರಳು ಜರುಗಿಸುತ್ತ ಇಡೀ ಆದೇಶವನ್ನು ನಕಲು ಮಾಡಿಕೊಂಡರು. ಒಂದು ಕಡೆ ಮಾತ್ರ ತಡೆದು, ಸಾಹೇಬರ ಅಕ್ಷರ ಇಲ್ಲಿ ಸ್ವಲ್ಪ ಒತ್ತೊತ್ತಾಗಿದೆ ಎಂದರು. ಮೇಡಂ ಬಗ್ಗಿ ನೋಡಿ, ಅದು ‘ಪಿಂಚಣಿ’ ಇರಬೇಕು ಎಂದರು. ಗುಮಾಸ್ತರು ಹಾಗೆಯೇ ಬರೆದುಕೊಂಡರು. ಐದಕ್ಕೆ ಒಂದು ನಿಮಿಷ ಇರುವಾಗ ಮೊಹರು ಬಿತ್ತು.

ಮನೆಯಲ್ಲಿ ಮೇಡಂ ಆ ತೆಳುನೀಲಿ ಹಾಳೆಯನ್ನು ಕೈಗೆ ಕೊಡುವವರೆಗೂ ಅತ್ತೆ ನಂಬಲಿಲ್ಲ. ಕೊಟ್ಟ ಮೇಲೆ ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಕೂತರು. ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಎಲ್ಲಾ ಸರಿಯಾಗಿದೆಯಮ್ಮಾ. ದೂರದೂರಿಗೆ ವರ್ಗ ಮಾಡಲ್ಲ ಅಂತ ಬರೆದಿದಾರಾ? ಅದೊಂದು ಕಾಣಲಿಲ್ಲ.”

“ಬರೆದಿದಾರೆ ಅತ್ತೆ. ಕೆಳಗಿನಿಂದ ಎರಡನೇ ಸಾಲು.”

ಅತ್ತೆ ಹಾಳೆಯನ್ನು ಕಣ್ಣಿನ ಹತ್ತಿರ ತಂದು, ಕೆಳಗಿನಿಂದ ಎರಡನೇ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದರು. ಸಿಕ್ಕಿತು.